ಶೀತೋಷ್ಣಗಳಿಗೆ ಮೈ ಹದಗೊಳ್ಳುವ ಬಗೆ

ಪುಷ್ಯಮಾಸದ ಬೆಳಗಿನ ಐದು ಗಂಟೆಗೆ ಬಂಗಾರಪೇಟೆಯ ರೈಲು ನಿಲ್ದಾಣದಲ್ಲಿ ನಿಂತು ನೋಡಿದವರಿಗೆ ಈ ಸೀಮೆಯ ಚಳಿ ಎಂಥದೆಂದು ಬೇರೆ ವಿವರಿಸಬೇಕಾಗಿಲ್ಲ. ಮಾರಿಕುಪ್ಪಂನಿಂದ ಹೊರಟು ಚಾಂಪಿಯನ್, ಊರಿಗಾಂ, ಕೋರಮಂಡಲಗಳನ್ನು ಹಾದು ಬರುವ ಗಾಡಿಯಲ್ಲಿ ಕಿವಿಗೆ ಮಫ್ಲರು ಸುತ್ತಿ, ಕೈಗಳನ್ನು ಕಂಕುಳಲ್ಲಿ ಅವಿತಿಟ್ಟುಕೊಂಡ ನೂರಾರು ಮಂದಿ ಬೆಂಗಳೂರಿನ ಕೆಲಸಗಳಿಗೆ ಹೊರಟಿರುತ್ತಾರೆ. 1894ರಲ್ಲಿ ಚಿನ್ನದ ಗಣಿಗಳಿಗೆಂದೇ ಹಾಕಿಸಿದ ಕವಲು ದಾರಿ ಅದು. ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ದಾರಿ ಮಾತ್ರ ಉಳಿದು, ಗಣಿಯಾಳುಗಳ ಮಕ್ಕಳು ಮೊಮ್ಮಕ್ಕಳನ್ನು ಊರಿನಿಂದ ಹೊರಕ್ಕೆ ಒಯ್ಯುತ್ತಿದೆ.

ಇದೇ ಹೊತ್ತಿನಲ್ಲಿ ಇವರ ಹಿರಿಯರು ರಾತ್ರಿಪಾಳಿ ಮುಗಿಸಿ ಮೇಲಕ್ಕೆ ಬರುವ ಸನ್ನಾಹದಲ್ಲಿರುತ್ತಿದ್ದರು. ಅವರು ಬಿಟ್ಟುಬರುತ್ತಿದ್ದ ಲೋಕದಲ್ಲಿ ಮಾಗಿಯೂ ಇಲ್ಲ, ಬೇಸಗೆಯೂ ಇಲ್ಲ, ಅಲ್ಲಿದ್ದುದು ಬೇಗೆಯೊಂದೇ. ಕಾಶ್ಮೀರಕ್ಕೂ ರಾಯಚೂರಿಗೂ ಇರುವ ಶೀತೋಷ್ಣದ ಅಂತರವನ್ನು ಕೋಲಾರದ ಗಣಿಯಾಳು ಊರು ಬಿಡದೆಯೇ ದಿನಕ್ಕೆರಡು ಬಾರಿ ದಾಟುತ್ತಿದ್ದನೆಂದರೆ ಅತಿಶಯೋಕ್ತಿಯಾಗದು. ಮನುಷ್ಯನ ಮೈ ಬಿಸಿಗೂ ಚಳಿಗೂ ಹೇಗೆ ಹೊಂದಿಕೊಳ್ಳುತ್ತದೆ, ಎಲ್ಲಿ ಹೊಂದಿಕೊಳ್ಳಲಾರದು ಎಂಬುದನ್ನು ತಿಳಿಯಲು ನಮ್ಮ ಜಿಲ್ಲೆಗಿಂತ ಒಳ್ಳೆಯ ಪಾಠಶಾಲೆಯನ್ನು ನಾನು ಕಾಣೆ. ನಾನು ವೈದ್ಯನಲ್ಲ, ಗಣಿಶಾಸ್ತ್ರಜ್ಞನೂ ಅಲ್ಲ. ವಿದ್ಯಾರ್ಥಿಗಳನ್ನು ಬಿಸಿಲಿನಲ್ಲಿ ನಿಲ್ಲಿಸುವ ಅಧಿಕಾರವುಳ್ಳ ಕನ್ನಡ ಪಂಡಿತ. ಆ ಅಧಿಕಾರವನ್ನು ಒಮ್ಮೆ ತಪ್ಪಾಗಿ ಬಳಸಿದವನು. ಆ ಸಂಗತಿಯನ್ನು ಮುಂದೆ ನಿವೇದಿಸುತ್ತೇನೆ.

ಚಿನ್ನದ ಗಣಿಯ ಪ್ರದೇಶ ಸಮುದ್ರಮಟ್ಟದಿಂದ ಸುಮಾರು 850 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಹವೆ ಹಿತವಾದುದೆಂದೇ ಆಂಗ್ಲ ಅಧಿಕಾರಿಗಳು ಬಂಗಲೆ ಕಟ್ಟಿಕೊಂಡು, ಹೂದೋಟ ಬೆಳೆಸಿ, ಇದನ್ನು ಪುಟ್ಟ ಇಂಗ್ಲೆಂಡೆಂದು ಕರೆದುಕೊಂಡರು. ಆದರೆ ಆ ಬಂಗಲೆಗಳ ಅಡಿಯಲ್ಲಿ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಮಿಕ್ಕಿ ಆಳಕ್ಕೆ ಇಳಿದಿತ್ತು. ಅಷ್ಟು ಆಳದಲ್ಲಿ ಬಂಡೆಯ ಉಷ್ಣಾಂಶ 60 ಡಿಗ್ರಿ ಸೆಂಟಿಗ್ರೇಡನ್ನೂ ಮೀರುತ್ತಿತ್ತು. ಕೈಯಿಟ್ಟರೆ ಕೈ ಸುಡುವ ಗೋಡೆಗಳ ನಡುವೆ ಕೆಲಸ.

ಬಂಡೆಯ ಕಾವೊಂದೇ ಆಗಿದ್ದರೆ ಗಾಳಿ ಬೀಸಿ ತಣಿಸಬಹುದಿತ್ತು. ಆದರೆ ಮೇಲಿನಿಂದ ಕಳಿಸಿದ ಗಾಳಿಯೂ ದಾರಿಯಲ್ಲೇ ಬಿಸಿಯಾಗುತ್ತದೆ. ಕೆಳಗಿಳಿದಂತೆ ಗಾಳಿಯ ಒತ್ತಡ ಹೆಚ್ಚಿ ಅದು ಕುಗ್ಗುತ್ತದೆ, ಕುಗ್ಗಿದ ಗಾಳಿ ಕಾಯುತ್ತದೆ. ಒಣಗಾಳಿ ನೂರು ಮೀಟರ್ ಇಳಿದರೆ ಹೆಚ್ಚುಕಡಿಮೆ ಒಂದು ಡಿಗ್ರಿ ಏರುತ್ತದೆ. ನಂದಿಬೆಟ್ಟದ ನೆತ್ತಿ ಏಕೆ ತಂಪು ಎಂಬುದಕ್ಕೂ ಇದೇ ಕಾರಣ, ತಿರುವುಮುರುವಾಗಿ ಓದಿಕೊಂಡರಾಯಿತು. ಆದ್ದರಿಂದ ಮಾಗಿಯ ಕೊರೆಯುವ ಗಾಳಿಯನ್ನೇ ಬಾವಿಯೊಳಕ್ಕೆ ನೂಕಿದರೂ ತಳ ಮುಟ್ಟುವಷ್ಟರಲ್ಲಿ ಅದು ವೈಶಾಖದ ಗಾಳಿಯಾಗಿರುತ್ತಿತ್ತು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುಚ್ಛಕ್ತಿ ಈ ಗಣಿಗಳಿಗೆ ಬಂದಿತೆಂಬುದನ್ನು ನಾವೆಲ್ಲ ಹೆಮ್ಮೆಯಿಂದ ಪಾಠ ಹೇಳುತ್ತೇವೆ. ಆ ಶಕ್ತಿ ಚಿನ್ನದ ಅದಿರನ್ನು ಅರೆದುದಷ್ಟೇ ಅಲ್ಲ. ಆಳ ಹೆಚ್ಚಿದಂತೆಲ್ಲ ಗಾಳಿ ಬೀಸುವ ಯಂತ್ರಗಳಿಗೆ, ಕೊನೆಗೆ ಗಾಳಿಯನ್ನು ತಣಿಸಿ ಅದರ ತೇವವನ್ನು ಹಿಂಡಿ ಕೆಳಗೆ ಕಳಿಸುವ ಶೀತಕಗಳಿಗೆ ವಿದ್ಯುತ್ತೇ ಆಧಾರವಾಯಿತು.

ತೇವವನ್ನು ಹಿಂಡುವುದೇಕೆ? ಇಲ್ಲಿ ನಮ್ಮ ಭಾಷೆಯೇ ನಮಗೆ ನೆರವಾಗುತ್ತದೆ. ಕನ್ನಡದಲ್ಲಿ ಬಿಸಿಲ ಝಳ ಬೇರೆ, ಸೆಕೆ ಬೇರೆ. ಕಲಬುರ್ಗಿಯವರು ಬಿಸಿಲೆಂದು ಗೋಳಾಡುತ್ತಾರೆ, ಮಂಗಳೂರಿನವರು ಸೆಕೆಯೆಂದು. ಉಷ್ಣಮಾಪಕವನ್ನು ನೋಡಿದರೆ ಕಲಬುರ್ಗಿಯಲ್ಲಿ 42, ಮಂಗಳೂರಿನಲ್ಲಿ 34 ಇದ್ದೀತು. ಆದರೂ ಕರಾವಳಿಯವನ ಗೋಳು ಸುಳ್ಳಲ್ಲ. ಒಣಹವೆಯಲ್ಲಿ ಬೆವರು ಆರುತ್ತದೆ, ಆರುವಾಗ ಮೈಯ ಕಾವನ್ನು ಕೊಂಡೊಯ್ಯುತ್ತದೆ. ತೇವದ ಹವೆಯಲ್ಲಿ ಬೆವರು ಹರಿದು ನೆಲಕ್ಕೆ ಬೀಳುತ್ತದೆಯೇ ಹೊರತು ಆರುವುದಿಲ್ಲ, ಕಾವು ಒಳಗೇ ಉಳಿಯುತ್ತದೆ. ನಮ್ಮ ಹಿಂದಿನ ವೈದ್ಯಗ್ರಂಥಗಳು ದೇಶವನ್ನು ಜಾಂಗಲ, ಆನೂಪ, ಸಾಧಾರಣವೆಂದು ಮೂರಾಗಿ ವಿಂಗಡಿಸಿದುದು ಈ ತೇವದ ತಾರತಮ್ಯದಿಂದಲೇ. ಕೋಲಾರ ಜಿಲ್ಲೆ ಬಹುಪಾಲು ಜಾಂಗಲ: ನೀರು ಕಡಿಮೆ, ಗಿಡಮರ ವಿರಳ, ಗಾಳಿ ಧಾರಾಳ. ಅದರ ಗಣಿಯ ಒಡಲು ಮಾತ್ರ ಗಾಳಿಯಾಡದ ಆನೂಪ.

ಈ ಸೂಕ್ಷ್ಮವನ್ನು ಅಳತೆಗೆ ತಂದವನು ಜೆ. ಎಸ್. ಹಾಲ್ಡೇನ್ ಎಂಬ ಬ್ರಿಟಿಷ್ ಶರೀರವಿಜ್ಞಾನಿ. ಇಂಗ್ಲೆಂಡಿನ ಕಾರ್ನ್‌ವಾಲ್ ಸೀಮೆಯ ಬಿಸಿ ಗಣಿಗಳಲ್ಲಿಯೂ ಅವನು ಪರೀಕ್ಷೆ ನಡೆಸಿದ್ದನು. ಕೋಲಾರಕ್ಕೆ ಗಣಿಗಾರಿಕೆಯ ಕಸುಬನ್ನು ತಂದ ಮೇಸ್ತ್ರಿಗಳು ಹಲವರು ಅದೇ ಕಾರ್ನ್‌ವಾಲಿನವರೆಂಬುದು ಗಮನಾರ್ಹ. 1905ರಲ್ಲಿ ಅವನು ಪ್ರಕಟಿಸಿದ ಫಲಿತಾಂಶ ಇಷ್ಟು: ಮೈಯ ಕಾವನ್ನು ನಿರ್ಧರಿಸುವುದು ಸಾಮಾನ್ಯ ಉಷ್ಣಮಾಪಕವಲ್ಲ, ಬುರುಡೆಗೆ ಒದ್ದೆ ಬಟ್ಟೆ ಸುತ್ತಿದ ಉಷ್ಣಮಾಪಕ. ನಿಂತ ಗಾಳಿಯಲ್ಲಿ ಅದು ಸುಮಾರು 31 ಡಿಗ್ರಿಯನ್ನು ದಾಟಿದರೆ ಸುಮ್ಮನೆ ಕುಳಿತವನ ಮೈಯೂ ಕಾಯತೊಡಗುತ್ತದೆ. ದುಡಿಯುವವನಿಗೆ ಮಿತಿ ಅದಕ್ಕೂ ಕೆಳಗೆ. ಬಹುಕಾಲದ ಮೇಲೆ ವಿಜ್ಞಾನಿಗಳು ಲೆಕ್ಕಾಚಾರದಿಂದ ಈ ಮಿತಿ 35 ಇರಬಹುದೆಂದರು. 2022ರಲ್ಲಿ ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದವರು ಆರೋಗ್ಯವಂತ ತರುಣರನ್ನೇ ಪರೀಕ್ಷಿಸಿ ನೋಡಿದಾಗ ಅದು ತೇವದ ಹವೆಯಲ್ಲಿ ಪುನಃ 31ರ ಆಸುಪಾಸಿಗೇ ಬಂದು ನಿಂತಿತು.

ಗಣಿಯಲ್ಲಿ ಈ ತೇವವನ್ನು ಮನುಷ್ಯರೇ ಹೆಚ್ಚಿಸಬೇಕಾಗಿ ಬಂದುದು ವಿಧಿಯ ವಿಪರ್ಯಾಸ. ಗಟ್ಟಿ ಬಂಡೆಯನ್ನು ಒಣಗಿದಂತೆಯೇ ಕೊರೆದರೆ ಏಳುವ ನುಣ್ಣನೆಯ ಧೂಳು ಶ್ವಾಸಕೋಶದಲ್ಲಿ ನಾಟಿ ಸಿಲಿಕೋಸಿಸ್ ಎಂಬ ವಾಸಿಯಾಗದ ರೋಗವನ್ನು ತರುತ್ತದೆ. 1940ರ ದಶಕದಲ್ಲಿ ಕೋಲಾರದ ಗಣಿಯಾಳುಗಳನ್ನು ತಪಾಸಣೆ ಮಾಡಿದಾಗ ಐವರಲ್ಲಿ ಇಬ್ಬರಿಗೂ ಮಿಕ್ಕಿ ಆ ರೋಗದ ಗುರುತು ಕಂಡುಬಂದಿತು. ಧೂಳನ್ನು ಅಡಗಿಸಲು ಇರುವ ಉಪಾಯ ನೀರು: ಕೊರೆಯುವಾಗ ನೀರು, ಒಡೆದ ಕಲ್ಲಿನ ಮೇಲೆ ನೀರು. ಆ ನೀರು ಬಿಸಿ ಬಂಡೆಗೆ ತಾಗಿ ಹಬೆಯಾಗಿ ಗಾಳಿಯಲ್ಲಿ ಸೇರಿತು. ಉಸಿರನ್ನು ಉಳಿಸಲು ಎರಚಿದ ನೀರೇ ಬೆವರನ್ನು ಆರಗೊಡದ ಶತ್ರುವಾಯಿತು. ಧೂಳಿನಿಂದ ಹತ್ತು ವರ್ಷಕ್ಕೆ ಸಾಯುವುದೋ, ಸೆಕೆಯಿಂದ ಈ ದಿನವೇ ಬೀಳುವುದೋ ಎಂಬ ಇಕ್ಕಟ್ಟಿನಲ್ಲಿ ದುಡಿದವರು ತೆಗೆದ ಚಿನ್ನವದು. ಒಡವೆಯ ಅಂಗಡಿಯಲ್ಲಿ ಇದನ್ನು ಯಾರು ನೆನೆಯುತ್ತಾರೆ!

ಹಾಗಾದರೆ ಅಂಥಲ್ಲಿ ಒಂದು ನೂರು ವರ್ಷಕ್ಕೂ ಹೆಚ್ಚು ಕಾಲ ಮನುಷ್ಯರು ದುಡಿದುದು ಹೇಗೆ? ಯಂತ್ರದ ಗಾಳಿ ಅರ್ಧ ಉತ್ತರ. ಉಳಿದರ್ಧ ಮೈಯಲ್ಲೇ ಇದೆ.

ಮೂರು ವರ್ಷಗಳ ಹಿಂದೆ ನಮ್ಮ ಪ್ರೌಢಶಾಲೆಯ ವಿದ್ಯಾರ್ಥಿಗಳನ್ನು ಚಿನ್ನದ ಗಣಿಯ ಊರಿಗೆ ಕರೆದೊಯ್ದಿದ್ದೆ. ಅಲ್ಲಿ ನಿವೃತ್ತ ಗಣಿಯಾಳೊಬ್ಬರು ನಮ್ಮೊಡನೆ ಬಂದರು. ಎಂಬತ್ತರ ಹತ್ತಿರದ ವಯಸ್ಸು, ಮನೆಮಾತು ತಮಿಳು. ಕನ್ನಡವನ್ನು ಗಣಿಯ ಊರಿನ ಹದದಲ್ಲಿ ಸೊಗಸಾಗಿ ಮಾತನಾಡುತ್ತಿದ್ದರು. ಹುಡುಗರು ಅವರನ್ನು ತಾತ ಎಂದೇ ಕರೆದರು. ‘ಕೆಳಗೆ ಬಿಸಿ ಹೇಗೆ ತಡೆದುಕೊಳ್ಳುತ್ತಿದ್ದಿರಿ ತಾತ?’ ಎಂದು ಒಬ್ಬ ಹುಡುಗಿ ಕೇಳಿದಳು. ‘ದಿನಾ ಹೋಗೋರಿಗೆ ಅದು ಬಿಸಿ ಅಲ್ಲಮ್ಮಾ. ರಜೆ ಹಾಕಿ ಊರಿಗೆ ಹೋಗಿ ಒಂದು ತಿಂಗಳು ಇದ್ದು ಬರ್ತೀವಲ್ಲ, ಆವಾಗ ನೋಡಬೇಕು. ಮೈಗೆ ಗಣಿ ಮರೆತುಹೋಗಿರುತ್ತೆ’ ಎಂದರು.

ಮೈಗೆ ಗಣಿ ಮರೆತುಹೋಗುತ್ತದೆಂಬ ಆ ಮಾತಿನಲ್ಲಿ ಒಂದು ಶಾಸ್ತ್ರವೇ ಅಡಗಿದೆ. ಬಿಸಿಯಲ್ಲಿ ದಿನದಿನವೂ ಸ್ವಲ್ಪ ಸ್ವಲ್ಪ ದುಡಿದರೆ ಮೈ ಬದಲಾಗುತ್ತದೆ. ರಕ್ತದ ದ್ರವಾಂಶ ಹೆಚ್ಚುತ್ತದೆ. ಎದೆಬಡಿತ ಮೊದಲಿನಷ್ಟು ಏರುವುದಿಲ್ಲ. ಬೆವರು ಬೇಗ ಬರತೊಡಗುತ್ತದೆ, ಹೆಚ್ಚಾಗಿ ಬರುತ್ತದೆ, ಮತ್ತು ಅದರಲ್ಲಿನ ಉಪ್ಪು ಕಡಿಮೆಯಾಗುತ್ತದೆ. ಈ ಮಾರ್ಪಾಡು ಬಹುಮಟ್ಟಿಗೆ ಒಂದು ವಾರದಲ್ಲಿ ಆಗಿ, ಎರಡು ವಾರಗಳಲ್ಲಿ ಪೂರ್ಣವಾಗುತ್ತದೆ. ಬಿಸಿಯಿಂದ ದೂರವಾದರೆ ಕೆಲವೇ ವಾರಗಳಲ್ಲಿ ಕರಗಿಹೋಗುತ್ತದೆ. ದಕ್ಷಿಣ ಆಫ್ರಿಕದ ಚಿನ್ನದ ಗಣಿಗಳಲ್ಲಿ ಹೊಸ ಆಳುಗಳನ್ನು ನೇರವಾಗಿ ಆಳಕ್ಕೆ ಇಳಿಸದೆ, ಹಬೆಯಿಂದ ಕಾಯಿಸಿದ ಕೋಣೆಯಲ್ಲಿ ದಿನಕ್ಕೆ ನಾಲ್ಕು ಗಂಟೆಯಂತೆ ಎಂಟು ದಿನ ಮೆಟ್ಟಿಲು ಹತ್ತಿಸಿ ಇಳಿಸಿ ಹದಗೊಳಿಸುತ್ತಿದ್ದರು. ಇಂದಿನ ವೈದ್ಯರ ಸಲಹೆ ಇನ್ನೂ ಸರಳ: ಹೊಸಬನಿಗೆ ಮೊದಲ ದಿನ ಪೂರ್ಣ ಕೆಲಸದ ಐದನೆಯ ಒಂದು ಪಾಲು, ಆಮೇಲೆ ದಿನಕ್ಕೊಂದು ಪಾಲು ಹೆಚ್ಚು. ಅಮೆರಿಕದ ಕಾರ್ಮಿಕ ಸುರಕ್ಷಾ ಇಲಾಖೆ ಪರಿಶೀಲಿಸಿದಂತೆ, ಬಯಲಿನ ಕೆಲಸದಲ್ಲಿ ಬಿಸಿ ತಾಗಿ ಸತ್ತವರಲ್ಲಿ ಬಹುಮಂದಿ ಕೆಲಸಕ್ಕೆ ಸೇರಿದ ಮೊದಲ ಕೆಲವು ದಿನಗಳವರು.

ವಾಗ್ಭಟನ ಅಷ್ಟಾಂಗಹೃದಯದಲ್ಲಿ ಋತುಸಂಧಿಯ ವಿಚಾರ ಬರುತ್ತದೆ. ಕಳೆಯುವ ಋತುವಿನ ಕೊನೆಯ ಏಳು ದಿನ, ಬರುವ ಋತುವಿನ ಮೊದಲ ಏಳು ದಿನ, ಒಟ್ಟು ಹದಿನಾಲ್ಕು ದಿನ. ಆ ಅವಧಿಯಲ್ಲಿ ಹಳೆಯ ಋತುವಿನ ಆಹಾರವಿಹಾರಗಳನ್ನು ಮೆಲ್ಲಮೆಲ್ಲನೆ ಬಿಡುತ್ತ ಹೊಸದನ್ನು ಮೆಲ್ಲಮೆಲ್ಲನೆ ಹಿಡಿಯಬೇಕು, ಒಮ್ಮೆಲೇ ಬದಲಿಸಿದರೆ ಮೈಗೆ ಒಗ್ಗದ ರೋಗಗಳು ಹುಟ್ಟುತ್ತವೆಂದು ಅವನ ಮತ. ಇದನ್ನು ಹಿಡಿದು, ‘ಎಲ್ಲವೂ ನಮ್ಮಲ್ಲೇ ಇತ್ತು’ ಎಂದು ಭಾಷಣ ಬಿಗಿಯುವ ಚಪಲ ನನಗಿಲ್ಲ. ವಾಗ್ಭಟನು ಬೆವರಿನ ಉಪ್ಪನ್ನು ಅಳೆದವನಲ್ಲ, ಎರಡೂ ಕಡೆ ಹದಿನಾಲ್ಕು ಬಂದುದು ಆಕಸ್ಮಿಕವೇ ಇರಬಹುದು. ಆದರೆ ಮೈಗೆ ಕಾಲಾವಕಾಶ ಬೇಕೆಂಬ ಅರಿವು ಆಕಸ್ಮಿಕವಲ್ಲ. ತಲೆಮಾರುಗಳು ಕಂಡು ಕಂಡು ಕಟ್ಟಿದ ಅರಿವು ಅದು.

ಇನ್ನು ನನ್ನ ತಪ್ಪಿನ ವಿಷಯ. ಇಪ್ಪತ್ತು ವರ್ಷಗಳಿಗೂ ಹಿಂದೆ, ಬೇರೊಂದು ಊರಿನ ಶಾಲೆಯಲ್ಲಿ ಏಪ್ರಿಲ್ ಕೊನೆಯಲ್ಲಿ ಬೇಸಗೆ ಶಿಬಿರ ನಡೆಯುತ್ತಿತ್ತು. ಕವಾಯತಿನ ಮೇಲ್ವಿಚಾರಣೆ ನನ್ನದು. ಮಲೆನಾಡಿನಿಂದ ಹಿಂದಿನ ದಿನವಷ್ಟೇ ಬಂದಿದ್ದ ಹುಡುಗನೊಬ್ಬ ಹನ್ನೊಂದು ಗಂಟೆಯ ಬಿಸಿಲಿನಲ್ಲಿ ಸಾಲಿನಿಂದ ಹೊರಬಂದು, ‘ತಲೆ ಸುತ್ತುತ್ತದೆ ಸಾರ್’ ಎಂದ. ‘ಉಳಿದವರೆಲ್ಲ ನಿಂತಿಲ್ಲವೇ? ನಿನಗೊಬ್ಬನಿಗೇ ಏನು?’ ಎಂದು ಗದರಿಸಿ ಹಿಂದಕ್ಕೆ ಕಳಿಸಿದೆ. ಉಳಿದವರು ಫಾಲ್ಗುಣದಿಂದಲೂ ಆ ಬಿಸಿಲಿನಲ್ಲಿ ಆಡಿ ಓಡಿ ಹದಗೊಂಡವರು. ಅವನ ಮೈಗೆ ಅದು ಎರಡನೆಯ ದಿನ. ಐದು ನಿಮಿಷದಲ್ಲಿ ಕುಸಿದುಬಿದ್ದ. ಮಾತು ತೊದಲುತ್ತಿತ್ತು, ಮೈ ಕೆಂಡವಾಗಿತ್ತು. ಅಡುಗೆಯ ಹೆಂಗಸೊಬ್ಬರು ಓಡಿಬಂದು ಅವನನ್ನು ನೆರಳಿಗೆ ಎಳೆದು, ಅಂಗಿ ಬಿಚ್ಚಿ, ಕೊಡಗಟ್ಟಲೆ ನೀರು ಸುರಿದು, ತಟ್ಟೆಯಿಂದ ಗಾಳಿ ಹಾಕಿದರು. ಆಸ್ಪತ್ರೆಯ ವೈದ್ಯರು ಆಮೇಲೆ ಹೇಳಿದರು, ಹುಡುಗನನ್ನು ಉಳಿಸಿದುದು ಆ ನೀರು ಎಂದು. ಮೂರನೆಯ ದಿನ ಅವನು ನನ್ನ ಬಳಿಗೆ ಬಂದು, ‘ಕವಾಯತು ಕೆಡಿಸಿದ್ದಕ್ಕೆ ಕ್ಷಮಿಸಿ ಸಾರ್’ ಎಂದ. ಆ ಮಾತು ಈಗಲೂ ನನ್ನನ್ನು ಬಿಟ್ಟಿಲ್ಲ.

ಆಗ ತಿಳಿಯದಿದ್ದುದನ್ನು ಈಗ ಬರೆಯುತ್ತೇನೆ. ಬಿಸಿಯಲ್ಲಿ ಮೀನಖಂಡ ಹಿಡಿದುಕೊಳ್ಳುವುದು ಮೊದಲ ಎಚ್ಚರಿಕೆ. ತಲೆಸುತ್ತು, ವಾಕರಿಕೆ, ಸುಸ್ತು ಎರಡನೆಯದು. ಮಾತು ತಡವರಿಸಿ ಬುದ್ಧಿ ಮಂಕಾದರೆ ಅದು ಪ್ರಾಣಾಪಾಯ. ಆಗ ಬಾಯಿಗೆ ನೀರು ಹೊಯ್ಯುತ್ತ ಕೂರಬಾರದು. ಮೈಗೆ ತಣ್ಣೀರು ಸುರಿದು, ಗಾಳಿ ಹಾಕುತ್ತಲೇ ಆಸ್ಪತ್ರೆಗೆ ಒಯ್ಯಬೇಕು. ಸ್ನಾಯು ಹಿಡಿಯುವುದಕ್ಕೆ ಬೆವರಿನೊಡನೆ ಉಪ್ಪು ಹೋಗಿ ಬರಿಯ ನೀರು ಕುಡಿಯುವುದು ಒಂದು ಕಾರಣವೆಂದು 1920ರ ದಶಕದಲ್ಲಿ ಇಂಗ್ಲೆಂಡಿನ ಕಲ್ಲಿದ್ದಲ ಗಣಿಗಳ ಅಧ್ಯಯನದಿಂದ ತಿಳಿಯಿತು. ನಮ್ಮ ತಾತ ಪಾಳಿಗೆ ಹೋಗುವಾಗ ಉಪ್ಪು ಬೆರೆಸಿದ ಗಂಜಿನೀರನ್ನು ಒಯ್ಯುತ್ತಿದ್ದರಂತೆ. ಕೋಲಾರದ ರೈತ ಹೊಲಕ್ಕೆ ಒಯ್ಯುವ ರಾಗಿಯಂಬಲಿ, ಮಜ್ಜಿಗೆ, ಉಪ್ಪು, ಈರುಳ್ಳಿಗಳ ಮರ್ಮವೂ ಇದೇ. ಉಪ್ಪಿನ ಗುಳಿಗೆಗಳನ್ನು ನುಂಗುವುದನ್ನು ಈಗಿನ ವೈದ್ಯರು ಒಪ್ಪುವುದಿಲ್ಲ.

ಚಳಿಯ ಪ್ರಕರಣ ಬೇರೆ. ಬಿಸಿಗೆ ಮೈ ತಾನೇ ಬದಲಾಗುವಂತೆ ಚಳಿಗೆ ಬದಲಾಗುವುದು ಅತ್ಯಲ್ಪ. ನಡುಕ ತುಸು ತಗ್ಗೀತು, ಬೆರಳುಗಳು ತುಸು ಗಟ್ಟಿಯಾದಾವು, ಅಷ್ಟೇ. ಚಳಿಯನ್ನು ಗೆಲ್ಲುವುದು ಹೊದಿಕೆ, ಬೆಂಕಿ, ಮನೆ, ಆಹಾರ. ಕುರಿಗಾಹಿ ಕಂಬಳಿಯ ಕೊಪ್ಪೆಯೊಳಗೆ ತನ್ನದೇ ಮೈಯ ಕಾವನ್ನು ಹಿಡಿದಿಟ್ಟುಕೊಳ್ಳುತ್ತಾನೆ. ಉಣ್ಣೆ ಒದ್ದೆಯಾದರೂ ಹತ್ತಿಯಷ್ಟು ಕೈಕೊಡುವುದಿಲ್ಲ. ರಾತ್ರಿಪಾಳಿಯವರಿಗೆ ಮಾಗಿಯಲ್ಲಿ ಬರುತ್ತಿದ್ದ ಕಷ್ಟವೂ ಇದೇ ಒದ್ದೆಯದು. ಬೆವರಿನಲ್ಲಿ ತೊಯ್ದ ಬಟ್ಟೆಯೊಡನೆ ಬಾವಿಯ ಬಾಯಿಂದ ಹೊರಬಿದ್ದರೆ ಬಯಲುಗಾಳಿ ಮೂಳೆಗೆ ಇಳಿಯುತ್ತಿತ್ತು. ಅದನ್ನು ಹೇಳುವಾಗ ತಾತ ತಮಿಳಿಗೆ ಹೊರಳಿ ‘ಕುಳಿರು’ ಎಂದರು. ನನ್ನ ಕಿವಿ ನಿಮಿರಿತು. ‘ಕುಳಿರ್’ ನಮ್ಮ ಹಳಗನ್ನಡದ್ದೇ ಮಾತು. ಕುಳಿರ್ಗಾಳಿಯೆಂದು ನಮ್ಮ ಕವಿಗಳು ತಂಗಾಳಿಯನ್ನು ಕರೆದರು. ನಾವು ಗ್ರಂಥದಲ್ಲಿ ಬಿಟ್ಟುಬಂದ ಶಬ್ದ ಗಣಿಯ ಬಾಗಿಲಲ್ಲಿ ಜೀವಂತವಾಗಿತ್ತು.

ಹೇಮಂತದಲ್ಲಿ ಕೆಂಡದಿಂದ ಕಾಯಿಸಿದ ಒಳಮನೆಯಲ್ಲಿ ಇರಬೇಕೆಂದು ವಾಗ್ಭಟನು ವಿಧಿಸುತ್ತಾನೆ. ಇದನ್ನು ಮಾತ್ರ ಇಂದಿನ ಮನೆಗಳಲ್ಲಿ ಅನುಸರಿಸಬಾರದು. ಕಿಟಕಿಬಾಗಿಲು ಬಿಗಿದ ಕೋಣೆಯಲ್ಲಿ ಇದ್ದಿಲ ಅಗ್ಗಿಷ್ಟಿಕೆಯಿಟ್ಟು ಮಲಗಿದವರು ಬಣ್ಣವಾಸನೆಗಳಿಲ್ಲದ ವಿಷಾನಿಲದಿಂದ ಬೆಳಗಾಗುವುದರೊಳಗೆ ಸತ್ತ ಸುದ್ದಿ ಚಳಿಗಾಲದಲ್ಲಿ ಆಗಾಗ ಬರುತ್ತದೆ.

ಚಳಿಯ ಪರಮಾವಧಿಯನ್ನು ಹೇಳುವಾಗ ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದರನ್ನು ನೆನೆಯದಿರಲಾರೆ. ಕರಿಮಣ್ಣಿನ ಬಿಸಿಲಲ್ಲಿ ಬೆಳೆದ ಆ ಯೋಧ 2016ರ ಫೆಬ್ರವರಿ 3ರಂದು ಸಿಯಾಚಿನ್ನಿನಲ್ಲಿ, ಸುಮಾರು 19,600 ಅಡಿ ಎತ್ತರದ ಠಾಣೆಯ ಮೇಲೆ ಹಿಮರಾಶಿ ಕುಸಿದಾಗ ಒಂಬತ್ತು ಮಂದಿ ಸಂಗಡಿಗರೊಡನೆ ಹೂತುಹೋದರು. ಆರನೆಯ ದಿನ ಅವರೊಬ್ಬರು ಮಾತ್ರ ಉಸಿರಿನೊಡನೆ ಸಿಕ್ಕಿದರು. 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡರು. ಅಂಥ ಎತ್ತರಕ್ಕೆ ಹೋಗುವ ಯೋಧರನ್ನು ಸೇನೆ ಮೂರು ಹಂತಗಳಲ್ಲಿ ಆರು, ನಾಲ್ಕು, ನಾಲ್ಕು ದಿನಗಳಂತೆ ನಿಲ್ಲಿಸಿ ಹದಗೊಳಿಸುತ್ತದೆ. ಕೂಡಿದರೆ ಮತ್ತೆ ಹದಿನಾಲ್ಕು! ಆದರೆ ಆ ಹದ ತೆಳುವಾದ ಗಾಳಿಗೆ, ಚಳಿಗಲ್ಲ. ಚಳಿಗೆ ಅಲ್ಲಿಯೂ ಉಡುಪೇ, ಒಲೆಯೇ.

ನಾಡಿನ ಬಿಸಿಯೂ ಮೊದಲಿನಂತಿಲ್ಲ. 2024ರ ಏಪ್ರಿಲ್ ಕೊನೆಯಲ್ಲಿ ತಂಪಿಗೆ ಹೆಸರಾದ ಬೆಂಗಳೂರೇ 38 ಡಿಗ್ರಿಯನ್ನು ದಾಟಿತು. ಕಲಬುರ್ಗಿ, ವಿಜಯಪುರದ ಕಡೆಯವರು ದಪ್ಪ ಗೋಡೆಯ ಮಣ್ಣಿನ ಮಾಳಿಗೆಗಳಲ್ಲಿ ಬಾಳಿ ಬಿಸಿಲನ್ನು ಪಳಗಿಸಿದವರು. ಏಪ್ರಿಲ್, ಮೇ ತಿಂಗಳಲ್ಲಿ ಆ ಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುವ ಪದ್ಧತಿಯೂ ಇದೆ. ನಮ್ಮ ಕಡೆ ಅಂಥ ಅಭ್ಯಾಸವಿಲ್ಲ. ಹೆಂಚು ತೆಗೆದು ತಗಡು ಹಾಕಿಸಿದ ಶಾಲಾ ಕೋಣೆಗಳಲ್ಲಿ ಮಾರ್ಚಿ ತಿಂಗಳ ಮಧ್ಯಾಹ್ನ ಕುಳಿತು ನೋಡಿದ ದಾನಿಗಳು ಎಷ್ಟು ಮಂದಿ ಇದ್ದಾರೋ ನಾನರಿಯೆ. ತಗಡಿನ ಕೆಳಗೊಂದು ತಡಿಕೆ, ಮೇಲೆ ಬಿಳಿ ಸುಣ್ಣ, ಅಂಗಳದಲ್ಲಿ ನಾಲ್ಕು ಹೊಂಗೆ ಮರ, ಇಷ್ಟಾದರೂ ಸಾಲದೆ ಹೋಗದು. ಹೆಸರು ಕೆತ್ತಿಸಲು ಅವುಗಳಲ್ಲಿ ಜಾಗ ಕಡಿಮೆಯೆಂಬುದು ನಿಜ.

ಅಂದು ಗಣಿಯ ಊರಿನಲ್ಲಿ ನಾವು ಬಾವಿಯ ಕಬ್ಬಿಣದ ಗೋಪುರವನ್ನೂ ಸೈನೈಡ್ ದಿಬ್ಬಗಳನ್ನೂ ದೂರದಿಂದ ನೋಡಿ ಬರಲು ಹೊರಟಾಗ ಹನ್ನೊಂದೂವರೆ. ತಿಂಗಳು ಮಾರ್ಚಿ. ತಾತ ಹುಡುಗರ ಸಾಲನ್ನು ಒಮ್ಮೆ ನೋಡಿ, ‘ಇದರಲ್ಲಿ ಈ ಕಡೆಗೆ ಹೊಸಬರು ಯಾರಪ್ಪ?’ ಎಂದು ಕೇಳಿದರು. ಎರಡು ಕೈಗಳು ಎದ್ದವು. ಅಣ್ಣತಮ್ಮಂದಿರು, ಹಿಂದಿನ ವಾರ ಮಡಿಕೇರಿಯಿಂದ ವರ್ಗವಾಗಿ ಬಂದವರ ಮಕ್ಕಳು. ‘ಇವರಿಬ್ಬರು ನನ್ನ ಜೊತೆ ಇಲ್ಲೇ ಇರಲಿ ಮೇಷ್ಟ್ರೇ, ನೀವು ಹೋಗಿ ಬನ್ನಿ’ ಎಂದು ಅವರನ್ನು ಹೊಂಗೆಯ ನೆರಳಿನಲ್ಲಿ ಪಕ್ಕಕ್ಕೆ ಕೂರಿಸಿಕೊಂಡು, ತಮ್ಮ ಚೀಲದಿಂದ ನೀರಿನ ಬಾಟಲಿ ತೆಗೆದರು. ನಾವು ಅರ್ಧ ಗಂಟೆಯಲ್ಲಿ ತಿರುಗಿ ಬಂದಾಗ ಅವರು ಆ ಹುಡುಗರಿಗೆ ನೆಲದ ಮೇಲೆ ಕಡ್ಡಿಯಿಂದ ಗೆರೆ ಎಳೆದು, ಒಂದು ಬಾವಿಯಿಂದ ಇಳಿದು ಒಳಗೇ ನಡೆದು ಇನ್ನೊಂದು ಬಾವಿಗೆ ಹೋಗುತ್ತಿದ್ದ ದಾರಿಯನ್ನು ತೋರಿಸುತ್ತಿದ್ದರು.